ಮೂಲೆಗೆ ಗುಡಿಸಿಟ್ಟ ಧೂಳು

ಕಾಯಿಲೆ ಬಿದ್ದವಳು ನನ್ನ ಹೆಂಡತಿ ಮಂಜುಳಾ, ಬರೆಯುತ್ತಿರುವವನು ನಾನು. ಇದರಲ್ಲೇ ಒಂದು ಅನ್ಯಾಯವಿದೆ ಎಂದು ಗೊತ್ತು. ನೀನೇ ಬರಿ ಎಂದು ಹೇಳಿ ನೋಡಿದೆ. "ನಂಗೆ ಉಸಿರಾಡೋದೇ ಒಂದು ಕೆಲಸ ಆಗಿದೆ, ನೀವು ಬರೀರಿ. ಆದ್ರೆ ನನ್ನನ್ನ ದೇವತೆ ಮಾಡ್ಬೇಡಿ. ನೀವೂ ಜಾಸ್ತಿ ಗೋಳಾಡ್ಬೇಡಿ," ಎಂದಳು. ಮೊದಲನೆಯದು ಸುಲಭ, ಅವಳು ದೇವತೆಯಲ್ಲ. ಎರಡನೆಯದಕ್ಕೆ ಪ್ರಯತ್ನಪಡುತ್ತೇನೆ.

ನಾನು ಹುಟ್ಟಾ ಪುಕ್ಕಲ. ಹೊಟ್ಟೆಪಾಡಿಗೆ ಹಿಡಿದ ಕೆಲಸವೂ ಅದಕ್ಕೆ ತಕ್ಕದ್ದೇ. ವಾಹನಗಳ ಇನ್ಶೂರೆನ್ಸ್ ಸರ್ವೇಯರ್. ನುಜ್ಜುಗುಜ್ಜಾದ ಕಾರು, ಮಗುಚಿದ ಲಾರಿಗಳನ್ನು ಗ್ಯಾರೇಜಿಗೆ ಹೋಗಿ ನೋಡುವುದು, ಏನಾಯಿತು, ಯಾರ ತಪ್ಪು, ಹೇಳಿದ್ದರಲ್ಲಿ ಎಷ್ಟು ನಿಜ ಎಂದು ವರದಿ ಬರೆಯುವುದು. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ಲೋಕದಲ್ಲಿ ಎಲ್ಲವೂ ಆಗಲಿರುವ ಅಪಘಾತದ ಹಾಗೆಯೇ ಕಾಣುತ್ತದೆ. ಗ್ಯಾಸಿನ ನಾಬನ್ನು ಮೂರು ಸಲ ಮುಟ್ಟಿ ನೋಡದೆ ಮನೆ ಬಿಟ್ಟವನಲ್ಲ ನಾನು. ತಲೆನೋವು ಬಂದರೆ ಗಡ್ಡೆ, ಎದೆಯುರಿ ಬಂದರೆ ಹಾರ್ಟು. ಮಗಳು ಸಿಂಧು ಕಾಲೇಜಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಆಗಬಹುದಾದ ಅಷ್ಟೂ ಅನಾಹುತಗಳು ಕಣ್ಣ ಮುಂದೆ ಸಾಲಾಗಿ ಬಂದು ನಿಲ್ಲುತ್ತಿದ್ದವು. ಇಷ್ಟೆಲ್ಲ ಚಿಂತೆ ಮಾಡಿದವನು ಚಿಂತೆ ಮಾಡಲೇಬೇಕಿದ್ದ ಒಂದನ್ನು ಮಾತ್ರ ಬಿಟ್ಟುಬಿಟ್ಟೆ.

ಚಾಕು ಮಾಡುವ ಹುಚ್ಚು ಹತ್ತಿದ್ದು ಗ್ಯಾರೇಜಿನಲ್ಲೇ. ಒಂದು ಲಾರಿಯ ಮುರಿದ ಕಮಾನು ಪಟ್ಟಿಯನ್ನು ನೋಡುತ್ತ ನಿಂತಿದ್ದೆ. ಅಲ್ಲಿನ ವೆಲ್ಡರ್, "ಸಾರ್, ಇದು ಎಂಥಾ ಸ್ಟೀಲ್ ಗೊತ್ತಾ? ಇದ್ರಲ್ಲಿ ಚಾಕು ಮಾಡಿದ್ರೆ ನಿಮ್ಮ ಮೊಮ್ಮಕ್ಕಳು ತರಕಾರಿ ಹೆಚ್ತಾರೆ," ಎಂದ. ಅವನೇ ಒಂದು ತುಂಡನ್ನು ಕಾಯಿಸಿ ಬಡಿದು ಅಲಗಿನ ಆಕಾರಕ್ಕೆ ತಂದುಕೊಟ್ಟ. ಉಜ್ಜಿ ಹರಿತ ಮಾಡಿ ಅದಕ್ಕೆ ಮರದ ಹಿಡಿ ಹಾಕುವುದು ನನ್ನ ಪಾಲಿಗೆ ಬಂತು. ಆ ಹಿಡಿಯಲ್ಲಿ ನಾನು ಕಳೆದುಹೋದೆ. ವಿಲ್ಸನ್ ಗಾರ್ಡನ್ ಕಡೆ ಹಳೇ ಮನೆ ಕೆಡವುತ್ತಿದ್ದಾರೆ ಎಂದು ಯಾರಾದರೂ ಹೇಳಿದರೆ ಸಾಕು, ಸ್ಕೂಟರ್ ಹತ್ತಿ ಹೋಗಿ ಮುರಿದ ಮಂಚದ ಕಾಲು, ಕಿಟಕಿಯ ಪಟ್ಟಿ ತರುತ್ತಿದ್ದೆ. ಎಲ್ಲ ಬೀಟೆ ಮರ. ಮೇಲೆ ನೂರು ವರ್ಷದ ಕೊಳೆ. ಉಜ್ಜುತ್ತ ಹೋದರೆ ಒಳಗಿಂದ ನೇರಳೆ ಬಣ್ಣ, ಕಪ್ಪು ಗೆರೆ, ಒಂದು ಥರದ ಸಿಹಿ ವಾಸನೆ. ಒರಟು ಸ್ಯಾಂಡ್ ಪೇಪರಿನಿಂದ ಶುರು ಮಾಡಿ ನಯದ ಪೇಪರಿಗೆ ಬರುವ ಹೊತ್ತಿಗೆ ಮರ ಅಂಗೈಗೆ ತಾನಾಗಿ ಬಂದು ಕೂರುತ್ತಿತ್ತು. ದಿನಾ ಸಂಜೆ ಆ ಒಂದೂವರೆ ಗಂಟೆ ನನ್ನ ತಲೆಯಲ್ಲಿ ಒಂದೇ ಒಂದು ಅಪಘಾತವೂ ಆಗುತ್ತಿರಲಿಲ್ಲ.

ಮಂಜುಳಾ ತನ್ನ ತಂಗಿಗೆ ಫೋನಿನಲ್ಲಿ ಹೇಳುವುದನ್ನು ಕೇಳಿದ್ದೇನೆ. "ಮನೆ ತಣ್ಣಗಿದೆ ಕಣೇ. ಅವ್ರಿಗೆ ಹೊಸ ಆಟದ ಸಾಮಾನು ಸಿಕ್ಕಿದೆ. ಬಿಪಿ ಮಷೀನ್ ಮುಟ್ಟಿ ತಿಂಗಳಾಯ್ತು."

ನಮ್ಮದು ಇಟ್ಟಮಡುವಿನಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಮೊದಮೊದಲು ಟೆರೇಸಿನ ಮೇಲೆ ಮರ ಉಜ್ಜುವ ಒಂದು ಮಷೀನು ಇಟ್ಟುಕೊಂಡು ಉಜ್ಜುತ್ತಿದ್ದೆ. ಪಕ್ಕದ ಮನೆಯ ಅಂಕಲ್, "ಏನ್ ಸಾರ್, ಮನೇಲಿ ಫ್ಯಾಕ್ಟರಿ ಇಟ್ಟಿದೀರಾ?" ಎಂದು ಒಂದೇ ಸಲ ಕೇಳಿದರು. ನನಗೆ ಅಷ್ಟೇ ಸಾಕು. ಮಷೀನನ್ನು ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಜಾಗಕ್ಕೆ ಇಳಿಸಿದೆ. ಗ್ರಿಲ್ಲಿನಿಂದ ಸದ್ದೂ ಧೂಳೂ ಆಚೆ ಹೋಗಿ ಯಾರಿಗೂ ತೊಂದರೆಯಾಗಬಾರದೆಂದು ದಪ್ಪ ಪ್ಲಾಸ್ಟಿಕ್ ಶೀಟು ಬಿಗಿದೆ. ನೆರೆಹೊರೆಯವರ ಬಗ್ಗೆ ಅಷ್ಟು ಕಾಳಜಿ ನನಗೆ.

ನನ್ನ ಬಗ್ಗೆಯೂ ಇತ್ತು. ಮರದ ಧೂಳು, ಅದರಲ್ಲೂ ಬೀಟೆ ಧೂಳು ಎದೆಗೆ ಒಳ್ಳೆಯದಲ್ಲ ಎಂದು ಮೊದಲ ವಾರವೇ ಇಂಟರ್‌ನೆಟ್ಟಿನಲ್ಲಿ ಓದಿದ್ದೆ. ಎರಡೂ ಕೆನ್ನೆಗೆ ಒಂದೊಂದು ಡಬ್ಬಿಯಂಥ ಫಿಲ್ಟರ್ ಇರುವ ಮಾಸ್ಕ್ ತರಿಸಿದೆ. ಅದನ್ನು ಹಾಕಿಕೊಂಡು ಕನ್ನಡಕ ಏರಿಸಿದರೆ ಸಿಂಧು, "ಅಮ್ಮಾ, ಹಂದಿ ಮೂತಿ ಬಂತು," ಎಂದು ಕೂಗುತ್ತಿದ್ದಳು. ಮೂವರೂ ನಗುತ್ತಿದ್ದೆವು.

ಇನ್ನು ಗುಡಿಸುವ ವಿಷಯ. ನಾನು ಕೂರುತ್ತಿದ್ದದ್ದು ಸಂಜೆ ಐದೂವರೆಗೆ, ಏಳುತ್ತಿದ್ದದ್ದು ಏಳಕ್ಕೆ. ಅಷ್ಟರಲ್ಲಿ ದೇವರ ಮುಂದೆ ದೀಪ ಹಚ್ಚಿ ಆಗಿರುತ್ತಿತ್ತು. ದೀಪ ಹಚ್ಚಿದ ಮೇಲೆ ಕಸ ಆಚೆ ಹಾಕಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ. ಹಾಗೆಂದು ಅಡುಗೆಮನೆಗೆ ಧೂಳು ನುಗ್ಗುವುದನ್ನು ನೋಡುತ್ತ ಕೂರುವುದಕ್ಕೂ ಆಗುವುದಿಲ್ಲ. ಅದಕ್ಕೆ ನಮ್ಮ ಹೆಂಗಸರು ಹಿಂದಿನಿಂದಲೂ ಒಂದು ಉಪಾಯ ಮಾಡಿಕೊಂಡಿದ್ದಾರೆ. ರಾತ್ರಿ ಗುಡಿಸಿ ಮೂಲೆಗೆ ಸೇರಿಸಿಡುವುದು, ಬೆಳಗ್ಗೆ ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಎತ್ತಿ ಚೆಲ್ಲುವುದು. ಮಂಜುಳಾ ನಾಲ್ಕು ವರ್ಷ ಹಾಗೇ ಮಾಡಿದಳು. ನನ್ನ ಧೂಳು ಸಂಜೆ ಒಮ್ಮೆ ಎದ್ದು, ಮೂಲೆಯಲ್ಲಿ ರಾತ್ರಿ ಕಳೆದು, ಬೆಳಗ್ಗೆ ಮತ್ತೊಮ್ಮೆ ಏಳುತ್ತಿತ್ತು. ಎರಡು ಹೊತ್ತೂ ಅವಳ ಮುಖ ಅದರ ಮೇಲೆ ಬಗ್ಗಿರುತ್ತಿತ್ತು. ನಾನು ಆ ಹೊತ್ತಿಗೆ ಮಾಸ್ಕ್ ತೆಗೆದು, ಒರೆಸಿ, ಅದರ ಡಬ್ಬಿಯಲ್ಲಿಟ್ಟು, ಹಾಲ್‌ನಲ್ಲಿ ಕೂತು ಕಾಫಿ ಕುಡಿಯುತ್ತಿರುತ್ತಿದ್ದೆ. "ನಾನೇ ಗುಡಿಸ್ತೀನಿ ಬಿಡು," ಎಂದು ಒಂದು ಸಲ ಹೇಳಿದ್ದೆ. "ನೀವು ಗುಡಿಸಿದ್ಮೇಲೆ ಮತ್ತೆ ನಾನು ಗುಡಿಸ್ಬೇಕು," ಎಂದಳು. ಆ ಉತ್ತರ ನನಗೆ ಅನುಕೂಲವಾಗಿತ್ತು. ಮತ್ತೆ ಕೇಳಲಿಲ್ಲ.

ಕೆಮ್ಮು ಯಾವಾಗ ಶುರುವಾಯಿತೆಂದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಒಣ ಕೆಮ್ಮು. ಒಗ್ಗರಣೆ ಘಾಟು ಎಂದುಕೊಂಡೆವು, ಹವಾ ಬದಲಾಯಿತು ಎಂದುಕೊಂಡೆವು. ಆಮೇಲೆ ಮೆಟ್ಟಿಲು. ತರಕಾರಿ ಚೀಲ ಹಿಡಿದು ಹತ್ತುವಾಗ ಅವಳು ಅರ್ಧದಲ್ಲಿ ನಿಂತು ಫೋನ್ ನೋಡುತ್ತಿದ್ದಳು. ಏನೋ ಮೆಸೇಜು ಎಂದು ನಾನು ತಿಳಿದಿದ್ದೆ. ಒಂದು ದಿನ ಹಿಂದಿನಿಂದ ಹೋಗಿ ನೋಡಿದರೆ ಫೋನಿನ ಪರದೆ ಕಪ್ಪಗಿತ್ತು. ಅವಳು ಕಪ್ಪು ಪರದೆ ನೋಡುತ್ತ ಉಸಿರು ತೆಗೆದುಕೊಳ್ಳುತ್ತಿದ್ದಳು.

ಪುಟ್ಟೇನಹಳ್ಳಿಯಿಂದ ಅತ್ತೆ ಬಂದರು. ಅವರದು ಅಲ್ಲಿಯ ಹಳೇ ಕುಳ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಮನೆ, ಬಾಡಿಗೆ. ನಾನು ಮಾಡಿಕೊಟ್ಟ ಚಾಕುವನ್ನು ಎಂದೂ ಕೈಯಿಂದ ಕೈಗೆ ತೆಗೆದುಕೊಂಡವರಲ್ಲ. "ಕೆಳಗಿಡಿ ಅಳಿಯಂದ್ರೇ, ತಗೋತೀನಿ. ಕೈಗೆ ಕೊಟ್ರೆ ಜಗಳ ಆಗ್ತದೆ," ಎನ್ನುತ್ತಿದ್ದರು. ಮಗಳಿಗೆ ಕಣ್ಣಾಸರ ಆಗಿದೆ ಎಂದು ತೀರ್ಮಾನಿಸಿ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಆ ಹೊಗೆಗೆ ಮಂಜುಳಾ ಕಾಲು ಗಂಟೆ ಕೆಮ್ಮಿದಳು. "ನೋಡು, ಎಷ್ಟು ಕಣ್ಣು ಬಿದ್ದಿದೆ," ಎಂದರು ಅತ್ತೆ. ಬೀದಿ ಕೊನೆಯ ಡಾಕ್ಟರು ಅಲರ್ಜಿ ಎಂದು ಮೂರು ಬಾಟಲಿ ಸಿರಪ್ ಕುಡಿಸಿದರು. ನಾಲ್ಕನೆಯದಕ್ಕೆ ಹೋದಾಗ ಅವರೇ ಸ್ಟೆತಸ್ಕೋಪು ಬೆನ್ನಿನ ಮೇಲೆ ಬಹಳ ಹೊತ್ತು ಇಟ್ಟು, ಜಯನಗರದ ಒಬ್ಬ ಶ್ವಾಸಕೋಶದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಾವು ಆಮೇಲೆ ಕಳೆದ ಸಮಯ ಲೆಕ್ಕ ಹಾಕಿದರೆ ಒಂದು ಸಣ್ಣ ಉದ್ಯೋಗವೇ ಆಗುತ್ತದೆ. ಎಲ್ಲರೂ ಒಂದೊಂದು ಥರ ಕೆಮ್ಮುವವರು. ಯಾರಾದರೂ ಒಬ್ಬರು ಶುರು ಮಾಡಿದರೆ ಕೋಣೆಯೆಲ್ಲ ಹಿಂಬಾಲಿಸುತ್ತಿತ್ತು. ಒಳಗೆ ಊದುವ ಪರೀಕ್ಷೆ ಮಾಡಿಸುತ್ತಿದ್ದ ಹುಡುಗಿ ಬಸ್ ಕಂಡಕ್ಟರಿನ ಗಂಟಲಿನಲ್ಲಿ, "ಊದಿ ಊದಿ ಊದಿ, ಇನ್ನೂ ಇನ್ನೂ, ನಿಲ್ಲಿಸ್ಬೇಡಿ ಅಮ್ಮ," ಎಂದು ಕೂಗುವುದು ಗೋಡೆಯಾಚೆಗೂ ಕೇಳಿಸುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಮೂಗಿಗೆ ಆಮ್ಲಜನಕದ ಟ್ಯೂಬು ಹಾಕಿಕೊಂಡೇ ಮಂಜುಳಾಳನ್ನು ಮಾತಾಡಿಸಿದರು. "ನನ್ದು ಪಾರಿವಾಳದಿಂದ ಅಂತೆ. ಹದಿನೆಂಟು ವರ್ಷ ಕಾಳು ಹಾಕ್ದೆ. ಪುಣ್ಯ ಬರ್ತದೆ ಅಂತ. ನೋಡಿ, ಪುಣ್ಯಾನ ಸಿಲಿಂಡರಲ್ಲಿ ತುಂಬ್ಸಿ ಕೊಟ್ಟಿದಾರೆ." ಮಂಜುಳಾ ನಕ್ಕಳು. ನಕ್ಕು ಕೆಮ್ಮಿದಳು. ಆ ಅಮ್ಮ ತಮ್ಮ ಸೆರಗಿನಿಂದ ಇವಳ ಬಾಯಿ ಒರೆಸಿದರು. ಮೊದಲ ದಿನ ನಮಗೆ ಸಿಕ್ಕ ಕರುಣೆ ಅದೊಂದೇ, ಮತ್ತು ಅದು ಸಾಕಾಗಿತ್ತು.

ನೋಂದಣಿಯ ಫಾರಂ ತುಂಬಿದ್ದು ನಾನು. ಉದ್ಯೋಗ ಎಂಬಲ್ಲಿ 'ಗೃಹಿಣಿ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದೆ.

ಡಾಕ್ಟರು ನಲವತ್ತರ ಹೆಂಗಸು, ಮೆಲುದನಿ. ಸ್ಕ್ಯಾನ್ ಬೆಳಕಿಗೆ ಹಿಡಿದು, ಶ್ವಾಸಕೋಶದಲ್ಲಿ ಮಂಜು ಕವಿದ ಹಾಗಿದೆ, ಉಸಿರಿನ ಜೊತೆ ಏನೋ ಒಳಗೆ ಹೋಗಿ ಮೈ ಅದರ ಮೇಲೆ ಸಿಟ್ಟು ಮಾಡಿಕೊಂಡಿದೆ ಎಂದರು. "ಮನೇಲಿ ಪಾರಿವಾಳ ಇದಾವಾ?"

"ಇದಾವೆ ಮೇಡಂ," ಎಂದೆವು ಇಬ್ಬರೂ ಒಟ್ಟಿಗೆ. ಒಗೆಯುವ ಜಾಗದ ಆಚೆ ಪೈಪಿನ ಸಂದಿಯಲ್ಲಿ ಒಂದು ಸಂಸಾರವೇ ಇತ್ತು.

"ಧೂಳಿನ ಕೆಲಸ ಏನಾದ್ರೂ ಮಾಡ್ತೀರಾ?"

"ನಾನು ಕೆಲಸಕ್ಕೆ ಹೋಗಲ್ಲ ಮೇಡಂ. ಮನೇಲೇ ಇರ್ತೀನಿ," ಎಂದಳು ಮಂಜುಳಾ.

ಡಾಕ್ಟರು ನನ್ನ ಕಡೆ ನೋಡಿದರು. "ನಾನು ಇನ್ಶೂರೆನ್ಸ್, ಮೇಡಂ," ಎಂದೆ.

ಇಬ್ಬರೂ ಹೇಳಿದ್ದು ನಿಜವೇ. ಗುಡಿಸುವುದು ನಮ್ಮ ಮನೆಗಳಲ್ಲಿ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ, ಚಾಕು ಮಾಡುವುದು ನನಗೆ ಹವ್ಯಾಸ. ಇಪ್ಪತ್ತು ವರ್ಷ ಜನ ಒಂದೂ ಸುಳ್ಳಾಡದೆ ನಿಜ ಮುಚ್ಚಿಡುವುದನ್ನು ಕಂಡವನು ನಾನು. ಗಾಡಿ ಯಾರು ಓಡಿಸುತ್ತಿದ್ದರು ಎಂದರೆ, ಗಾಡಿ ನನ್ನ ಹೆಸರಲ್ಲಿದೆ ಸಾರ್ ಎನ್ನುತ್ತಾರೆ. ಅಂಥವರ ಕಣ್ಣಿನಲ್ಲಿ ಒಂದು ಚಲನೆ ಇರುತ್ತದೆ, ಥಟ್ಟನೆ ಪಕ್ಕಕ್ಕೆ. ಆ ದಿನ ನನ್ನ ಕಣ್ಣು ಹಾಗೆ ಹೊರಳಿದ್ದು ನನಗೇ ಗೊತ್ತಾಯಿತು. ಮಾತು ಗಂಟಲವರೆಗೆ ಬಂದಿತ್ತು. ರಕ್ತಪರೀಕ್ಷೆಯ ಫಲಿತಾಂಶ ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಫಲಿತಾಂಶ ಬಂತು. ಪಾರಿವಾಳಕ್ಕೆ ಸ್ವಲ್ಪ ಪಾಸಿಟಿವ್. ಇನ್ನೊಂದು ವಿಷಯ ಬರೆಯಬೇಕು. ನನ್ನ ಹೆಂಡತಿಯ ಶ್ವಾಸಕೋಶ ಕೆಟ್ಟಿದೆ ಎಂದು ಖಚಿತವಾದ ಆ ದಿನ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನ್ನ ಹೆಜ್ಜೆ ಹಗುರವಾಗಿತ್ತು.

ಬಲೆ ಹಾಕಿಸಿದೆ. ಗೂಡು ತೆಗೆಸಿದೆ. ಪಾರಿವಾಳಗಳನ್ನು ಕಂಡಕಂಡವರ ಮುಂದೆ ಬೈದೆ. ಮಂಜುಳಾ ಕಿಟಕಿಯಲ್ಲಿ ನಿಂತು, "ಪಾಪ, ಅವುಕ್ಕೇನು ಗೊತ್ತು," ಎಂದಳು. ಮನೆಯಿಂದ ಒಂದು ತಿಂಗಳು ದೂರವಿದ್ದು ಮಾತ್ರೆ ತೆಗೆದುಕೊಂಡು ನೋಡೋಣ ಎಂದು ಡಾಕ್ಟರು ಹೇಳಿದ್ದರಿಂದ ಅವಳು ಪುಟ್ಟೇನಹಳ್ಳಿಗೆ ತಾಯಿಯ ಮನೆಗೆ ಹೋದಳು. ಸಿಂಧುವೂ ಜೊತೆಗೆ ಹೋದಳು. ಹತ್ತು ದಿನಕ್ಕೆ ಕೆಮ್ಮು ನಿಂತಿತು. ಮೂರನೇ ವಾರ ಕೆರೆಯ ಸುತ್ತ ಒಂದು ಸುತ್ತು ನಡೆದೆ ಎಂದು ಫೋನಿನಲ್ಲಿ ಹೇಳಿದಳು. ದನಿಯಲ್ಲಿ ಹಳೇ ಮಂಜುಳಾ ಇದ್ದಳು.

ಆ ತಿಂಗಳು ಇಟ್ಟಮಡುವಿನಲ್ಲಿ ಒಬ್ಬನೇ ನಾನು ಏನು ಮಾಡಿದೆ? ಚಾಕು ಮಾಡಿದೆ. ಚಿಂತೆ ತಡೆಯಲಾರದೆ ಮಾಡಿದೆ ಎಂದು ಹೇಳಿಕೊಳ್ಳಬಹುದು. ಅವಳಿಗಾಗಿಯೇ ಒಂದು ಪುಟ್ಟ ತರಕಾರಿ ಚಾಕು, ಅವಳ ಅಂಗೈ ಚಿಕ್ಕದು, ಅದಕ್ಕೆ ಸರಿಯಾದ ಹಿಡಿ. ನಾನು ಮಾಡಿದ್ದರಲ್ಲೆಲ್ಲ ಚೆಂದದ್ದು. ಮಾಸ್ಕಿನ ಫಿಲ್ಟರ್ ಕೂಡ ಹೊಸದು ಹಾಕಿದೆ. ದೀಪ ಹಚ್ಚುವವರಿರಲಿಲ್ಲ, ಗುಡಿಸುವವರೂ ಇರಲಿಲ್ಲ. ಒಗೆಯುವ ಜಾಗದ ನೆಲ ನೇರಳೆ ಬಣ್ಣಕ್ಕೆ ತಿರುಗಿತು.

ಅವಳು ವಾಪಸ್ ಬಂದದ್ದು ಒಂದು ಭಾನುವಾರ ಬೆಳಗ್ಗೆ. ಕಾಫಿ ಕುಡಿದಳು, ಹಿಂದಿನ ಒಗೆಯುವ ಜಾಗಕ್ಕೆ ಹೋದಳು. ನಾನು ಹಾಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ವರದಿ ಬರೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪೊರಕೆಯ ಸದ್ದು ಕೇಳಿಸಿತು. ತಿಂಗಳ ಧೂಳು. ಆ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೀಲಿಗಳ ಮೇಲೆ ನನ್ನ ಕೈ ನಿಂತಿತು. ಎದ್ದು ಹೋಗಿ ಪೊರಕೆ ಕಿತ್ತುಕೊಂಡರೆ ಯಾಕೆ ಎಂದು ಹೇಳಬೇಕಾಗುತ್ತದೆ. ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಹೇಳಬೇಕಾಗುತ್ತದೆ. ಸದ್ದು ಒಂದು ಸಲ ನಿಂತಿತು, ಮತ್ತೆ ಶುರುವಾಯಿತು. ನಾನು ವರದಿಯ ಮುಂದಿನ ಸಾಲು ಬರೆದೆ.

ಮೂರನೇ ದಿನ ಜ್ವರ. ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಮಷೀನು ಎಂಬತ್ತೊಂದು ತೋರಿಸಿತು. ಕೆಟ್ಟಿದೆ ಎಂದು ನನ್ನ ಬೆರಳಿಗೆ ಹಾಕಿ ನೋಡಿದೆ. ತೊಂಬತ್ತೆಂಟು. ನನ್ನ ಜೀವನದಲ್ಲಿ ನನ್ನ ಆರೋಗ್ಯದ ಬಗ್ಗೆ ನಾಚಿಕೆಪಟ್ಟದ್ದು ಅದೇ ಮೊದಲು.

ಆಟೋದಲ್ಲಿ ಅವಳ ತಲೆ ಸಿಂಧುವಿನ ಹೆಗಲ ಮೇಲಿತ್ತು. ತುಟಿ ಬೀಟೆಯ ಬಣ್ಣ. ಹೀಗೆ ಬರೆಯಬಾರದು, ಆದರೆ ನನಗೆ ಹಾಗೇ ಕಂಡಿತು.

ಅಡ್ಮಿಟ್ ಮಾಡಿಕೊಂಡು ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಆಮ್ಲಜನಕ ಕೊಟ್ಟರು. ಹೌದು, ಕೊನೆಗೂ ಅವಳಿಗೊಂದು ಮಾಸ್ಕ್. ಮಾರನೇ ಬೆಳಗ್ಗೆ ಡಾಕ್ಟರು ಹಾಸಿಗೆಯ ಪಕ್ಕ ನಿಂತು ಮೆಲ್ಲಗೆ ಹೇಳಿದರು. "ಬಲೆ ಹಾಕ್ಸಿದೀರಿ. ಅಮ್ಮನ ಮನೇಲಿ ಚೆನ್ನಾಗಿದ್ರು. ವಾಪಸ್ ಬಂದು ಮೂರು ದಿನಕ್ಕೆ ಹೀಗಾಗಿದೆ ಅಂದ್ರೆ ಆ ಮನೇಲಿ ಇನ್ನೇನೋ ಇದೆ. ಯೋಚ್ನೆ ಮಾಡಿ ಹೇಳಿ."

ಮಂಜುಳಾ ಮಾಸ್ಕಿನ ಹಿಂದೆ ತಲೆ ಅಲ್ಲಾಡಿಸಿದಳು. ಏನೂ ಇಲ್ಲ. ಅವಳು ನೋಡುತ್ತಿದ್ದದ್ದು ಡಾಕ್ಟರನ್ನಲ್ಲ, ನನ್ನನ್ನು.

"ನಾನು ಚಾಕು ಮಾಡ್ತೀನಿ ಮೇಡಂ," ಎಂದೆ. ಆ ವಾಕ್ಯ ಎಷ್ಟು ತಲೆಕೆಟ್ಟದ್ದಾಗಿ ಕೇಳಿಸಿತೆಂದರೆ ನರ್ಸು ತಿರುಗಿ ನೋಡಿದಳು. ಆಮೇಲೆ ಎಲ್ಲ ಹೇಳಿದೆ. ಮಷೀನು, ಪ್ಲಾಸ್ಟಿಕ್ ಶೀಟು, ಗುಡಿಸುವುದು, ಮೂಲೆಗೆ ಸೇರಿಸಿಡುವುದು.

"ಯಾವ ಮರ?"

"ಬೀಟೆ. ಹೆಚ್ಚಾಗಿ ಬೀಟೆನೇ."

"ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ನಿಮಗೆ ಕೆಮ್ಮು, ಉಬ್ಬಸ ಏನಾದ್ರೂ?"

"ಇಲ್ಲ. ನಾನು ಮಾಸ್ಕ್ ಹಾಕ್ಕೋತೀನಿ ಮೇಡಂ."

ಡಾಕ್ಟರು ಬರೆದುಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ. ಅದೂ ಒಂದು ಕರುಣೆಯೇ. "ನೂರಕ್ಕೆ ನೂರು ಇದೇ ಅಂತ ಹೇಳಕ್ಕಾಗಲ್ಲ. ಪಾರಿವಾಳಾನೂ ಸೇರಿರಬಹುದು," ಎಂದರು ಹೋಗುವಾಗ. ಮೊದಲಾಗಿದ್ದರೆ ಆ ಮಾತನ್ನು ತಬ್ಬಿಕೊಂಡು ಬದುಕಿಬಿಡುತ್ತಿದ್ದೆ.

ಸಿಂಧು ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ಇಬ್ಬರೂ ಲಿಫ್ಟಿಗೆ ಕಾಯುವಾಗ ಬಟನ್ ನೋಡುತ್ತ, "ಮಾಸ್ಕ್ ಎರಡು ತಗೋಬೋದಿತ್ತಲ್ವಾ ಅಪ್ಪ," ಎಂದಳು. ಅಷ್ಟೇ. ಆಮೇಲೆ ಮೂರು ವಾರ ಅವಳು ನನ್ನ ಜೊತೆ ಆಡಿದ್ದು ಮಾತ್ರೆಗಳ ಹೆಸರು ಮತ್ತು ಹೊತ್ತು ಮಾತ್ರ.

ಐದನೇ ದಿನ ಮಾಸ್ಕ್ ತೆಗೆದು ಮೂಗಿಗೆ ಸಣ್ಣ ಟ್ಯೂಬು ಹಾಕಿದರು. ಮಂಜುಳಾಗೆ ಮಾತು ಬಂತು. ಮಧ್ಯಾಹ್ನ, ಸಿಂಧು ಕ್ಯಾಂಟೀನಿಗೆ ಹೋಗಿದ್ದಳು. ನಾನು ಎಳನೀರಿನ ಲೋಟ ಹಿಡಿದು ಕೂತಿದ್ದೆ.

"ನಿಂಗೆ ಗೊತ್ತಿತ್ತಾ?" ಎಂದೆ.

"ಅಮ್ಮನ ಮನೆ ಟ್ಯಾಂಕ್ ಮೇಲೆ ಇಪ್ಪತ್ತು ಪಾರಿವಾಳ ಕೂತಿರ್ತವೆ ರೀ. ಅಲ್ಲಿ ಕೆಮ್ಮು ಬರ್ಲಿಲ್ವಲ್ಲ." ಎರಡು ಉಸಿರು ತೆಗೆದುಕೊಂಡಳು. "ಸರ್ವೇ ಮಾಡೋರು ನೀವು. ನಿಮಗೆ ಕಾಣ್ಲಿಲ್ವಾ?"

"ಮತ್ತೆ ಡಾಕ್ಟ್ರ ಹತ್ರ ಯಾಕೆ ಇಲ್ಲ ಅಂದೆ?"

"ಮಗಳು ಬಾಗಿಲಲ್ಲಿದ್ಲು."

"ಗೊತ್ತಿದ್ದೂ ಯಾಕೆ ಗುಡಿಸ್ದೆ ಮಂಜು?"

ಅವಳು ಕಿಟಕಿಯ ಕಡೆ ನೋಡಿದಳು. ಉಸಿರಿಗಾಗಿ ಕಾಯುತ್ತಿದ್ದಾಳೆ ಎಂದುಕೊಂಡೆ. "ಮಧ್ಯದಲ್ಲಿ ಒಂದ್ಸಲ ನಿಲ್ಲಿಸ್ದೆ. ಬರ್ತೀರೇನೋ ಅಂತ ನೋಡ್ದೆ. ಬಿಡು ಮಂಜು, ಗುಡಿಸ್ಬೇಡ ಅಂತೀರೇನೋ ಅಂತ." ಮೂಗಿನ ಟ್ಯೂಬು ಸರಿಮಾಡಿಕೊಂಡು, "ಟೈಪ್ ಮಾಡೋ ಸದ್ದು ನಿಂತಿತ್ತು. ಬರ್ತೀರಾ ಅಂದ್ಕೊಂಡೆ," ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಾಂಬಾರಿಗೆ ಉಪ್ಪು ಕಡಿಮೆ ಎನ್ನುವ ಹಾಗೆ ಹೇಳಿದಳು. ಎಳನೀರು ಕೊಡಿ ಎಂದು ಕೈ ಚಾಚಿದಳು. ಕೊಟ್ಟೆ.

ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಪರೀಕ್ಷೆ ಮಾಡಿದ್ದು ಅದೊಂದೇ ಸಲ ಇರಬೇಕು. ಅದಕ್ಕೆ ತನ್ನ ಶ್ವಾಸಕೋಶವನ್ನೇ ಪಣಕ್ಕಿಟ್ಟಳೇ, ಅಥವಾ ಎಂದಿನ ಅಭ್ಯಾಸದಂತೆ ಗುಡಿಸುತ್ತ ಹೋದವಳಿಗೆ ಮಧ್ಯದಲ್ಲಿ ಆ ಆಸೆ ಹುಟ್ಟಿತೇ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಆಮೇಲಿನದು ಮಾತ್ರೆಗಳ ಕಾಲ. ಸ್ಟೀರಾಯ್ಡು ಅವಳ ಮುಖವನ್ನು ಚಂದಿರನ ಹಾಗೆ ಉಬ್ಬಿಸಿತು. ಬಂದವರೆಲ್ಲ, "ಮುಖ ತುಂಬ್ಕೊಂಡಿದೆ, ಈಗ ಲಕ್ಷಣವಾಗಿದೀರ," ಎನ್ನುವವರೇ. ಹಸಿವು ಹೆಚ್ಚಾಯಿತು, ಸಿಟ್ಟು ಇನ್ನೂ ಹೆಚ್ಚಾಯಿತು. ಒಂದು ಬೆಳಗ್ಗೆ ಉಪ್ಪಿಟ್ಟಿಗೆ ಸಾಸಿವೆ ಸೀದಿದ್ದಕ್ಕೆ ತಟ್ಟೆ ತಳ್ಳಿ, ಮದುವೆಯ ಛತ್ರದಲ್ಲಿ ನಮ್ಮಣ್ಣ ಆಡಿದ ಮಾತಿನಿಂದ ಶುರು ಮಾಡಿ ಅರ್ಧ ಗಂಟೆ ಬೈದಳು. ಧೂಳಿನ ಮಾತು ಮಾತ್ರ ಎತ್ತಲಿಲ್ಲ. "ಮಾತ್ರೆ ಬೈಸ್ತಿದೆ, ತಲೆಗೆ ಹಾಕ್ಕೋಬೇಡಿ," ಎಂದು ಕೊನೆಗೆ ತಾನೇ ಹೇಳಿದಳು. ನನಗೆ ಅದು ಹಿತವಾಗಿತ್ತು. ಮಾತ್ರೆ ಕಡಿಮೆ ಮಾಡುತ್ತ ಬಂದ ಹಾಗೆ ಬೈಗುಳವೂ ಇಳಿಯಿತು. ಈಗ ಅವಳು ನನ್ನ ಜೊತೆ ಬಹಳ ಮರ್ಯಾದೆಯಿಂದ ಇರುತ್ತಾಳೆ. ಆ ಮರ್ಯಾದೆಯನ್ನು ಹೇಗೆ ತಡೆದುಕೊಳ್ಳುವುದೆಂದು ಯಾವ ಡಾಕ್ಟರೂ ಹೇಳಿಕೊಟ್ಟಿಲ್ಲ.

ಇಟ್ಟಮಡುವಿನ ಮನೆ ಬಿಟ್ಟೆವು. ಎಷ್ಟು ಒರೆಸಿದರೂ ಫ್ಯಾನಿನ ರೆಕ್ಕೆ, ಗ್ರಿಲ್ಲಿನ ಸಂದಿ, ಬೀರುವಿನ ಮೇಲೆ ನೇರಳೆ ಪುಡಿ ಸಿಗುತ್ತಲೇ ಇತ್ತು. ಮಷೀನು, ಉಳಿದ ಮರ, ಅಲಗು ಎಲ್ಲವನ್ನೂ ಆ ವೆಲ್ಡರ್ ಬಂದು ಆಟೋಗೆ ತುಂಬಿಕೊಂಡು ಹೋದ. ಈಗ ಪುಟ್ಟೇನಹಳ್ಳಿಯಲ್ಲಿ ಅತ್ತೆಯ ಕಟ್ಟಡದ ನೆಲಮಹಡಿ. ಅತ್ತೆಗೆ ಯಾರು ಹೇಳಿದರೋ, ವಿಷಯ ಗೊತ್ತಾಗಿದೆ. ಒಂದು ಮಾತೂ ಅನ್ನಲಿಲ್ಲ. ಅಳಿಯಂದ್ರೇ ಎನ್ನುವುದನ್ನು ಮಾತ್ರ ನಿಲ್ಲಿಸಿದರು. ಆದರೂ ಊಟಕ್ಕೆ ಕೂತರೆ ಮೊದಲ ಮುದ್ದೆ ಇವತ್ತಿಗೂ ನನ್ನ ತಟ್ಟೆಗೇ ಬೀಳುತ್ತದೆ. ಅದನ್ನು ನುಂಗುವುದು ಕಷ್ಟ. ನುಂಗುತ್ತೇನೆ.

ಅವಳ ಶ್ವಾಸಕೋಶದಲ್ಲಿ ಕವಿದಿದ್ದ ಮಂಜಿನಲ್ಲಿ ಒಂದಷ್ಟು ಸರಿದಿದೆ, ಒಂದಷ್ಟು ಗಾಯದ ಕಲೆಯಾಗಿ ಗಟ್ಟಿಯಾಗಿದೆ. ಗಟ್ಟಿಯಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಮಲಗುವಾಗ ಆಮ್ಲಜನಕದ ಮಷೀನು ಬೇಕು. ಫ್ರಿಜ್ಜಿನಷ್ಟೇ ಸದ್ದು ಮಾಡುತ್ತದೆ. ಮೊದಲು ಹೆದರಿಕೆಯಾಗುತ್ತಿತ್ತು, ಈಗ ಕರೆಂಟು ಹೋಗಿ ಸದ್ದು ನಿಂತರೆ ಹೆದರಿಕೆ. ಸಿಂಧು ಮೊನ್ನೆ ನನ್ನ ತಟ್ಟೆಯಿಂದ ಹಪ್ಪಳ ಕಿತ್ತುಕೊಂಡಳು. ಕೇಳದೆ ಕಿತ್ತುಕೊಂಡಳು. ಅದನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಓದುವವರಲ್ಲಿ ಯಾರಾದರೂ ಅಂಥ ಕಾಯುವ ಕೋಣೆಯಲ್ಲಿ ಟೋಕನ್ ಹಿಡಿದು ಕೂತಿದ್ದರೆ, ನಿಮ್ಮ ಎದೆಯಲ್ಲಿರುವುದು ನನಗೆ ಸ್ವಲ್ಪ ಗೊತ್ತು. ಒಳಗೆ ಹೋದಾಗ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಕೆಲಸವಲ್ಲದ್ದನ್ನೂ ಹೇಳಿ. ಗುಡಿಸುವುದು, ಒರೆಸುವುದು, ಗಂಡನ ಬಟ್ಟೆ ಕೊಡವುವುದು. ಕಾಯಿಲೆಯವರು ಹೇಳದಿದ್ದರೆ ಪಕ್ಕದಲ್ಲಿ ಕೂತ ನೀವು ಹೇಳಿ. ನಾಚಿಕೆಯಾಗುತ್ತದೆ. ಆಗಲಿ.

ಡಾಕ್ಟರು ನಡೆಯಿರಿ ಎಂದಿದ್ದಾರೆ. ಬೆಳಗ್ಗೆ ಏಳಕ್ಕೆ ಪುಟ್ಟೇನಹಳ್ಳಿ ಕೆರೆಗೆ ಹೋಗುತ್ತೇವೆ. ಮೊದಲ ಬೆಂಚಿನವರೆಗೆ ನಡೆದು ಕೂರುವುದು, ಮತ್ತೆ ಎರಡನೆಯದಕ್ಕೆ. ಕೂತಾಗ ಅವಳು ನೀರುಕೋಳಿಗಳನ್ನು ನೋಡುತ್ತಾಳೆ. ನಾನು ಅವಳ ಸೆರಗು ಏರಿಳಿಯುವುದನ್ನು ನೋಡುತ್ತ, ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳ ಮೇಲೆ ಅವಳ ಉಸಿರು ನಿಮಿಷಕ್ಕೆ ಎಷ್ಟೆಂದು ಎಣಿಸುತ್ತೇನೆ. ಕೈಯನ್ನು ಜುಬ್ಬದ ಜೇಬಿನಲ್ಲಿ ಇಟ್ಟುಕೊಂಡು.

ನಿನ್ನೆ ಅವಳು ಕೆರೆಯ ಕಡೆಯೇ ನೋಡುತ್ತ ಕೇಳಿದಳು. "ಎಣಿಸ್ತಿದೀರಾ?"

"ಇಲ್ಲ," ಎಂದಿತು ಬಾಯಿ. ಅದಕ್ಕೆ ಅಭ್ಯಾಸ. ಜೇಬಿನಿಂದ ಕೈ ಹೊರಗೆ ತೆಗೆದೆ. "ಹೂಂ. ಎಣಿಸ್ತಿದೀನಿ."

"ಎಷ್ಟು?"

"ಇಪ್ಪತ್ತೆಂಟು."

"ನಿನ್ನೆ?"

"ಇಪ್ಪತ್ನಾಲ್ಕು."

"ಜಾಸ್ತಿ ಆಗಿದೆ ಅಲ್ವಾ."

ನಡೆದು ಬಂದಿದ್ದೀಯಲ್ಲ ಅದಕ್ಕೆ, ಬಿಸಿಲು ಅದಕ್ಕೆ, ಮೋಡ ಅದಕ್ಕೆ ಎಂದು ಹೇಳಲು ನನ್ನ ಬಳಿ ಹತ್ತು ಮಾತುಗಳಿದ್ದವು.

"ಜಾಸ್ತಿ ಆಗಿದೆ ಮಂಜು," ಎಂದೆ.

ಅವಳು ತಲೆಯಾಡಿಸಿದಳು. ಬೆಂಚಿನ ಮೇಲೆ ನನ್ನ ಕಡೆಗೆ ಸ್ವಲ್ಪ ಸರಿದು ಕೂತಳು. "ಸರಿ. ಹಾಗಾದ್ರೆ ಇನ್ನೊಂಚೂರು ಹೊತ್ತು ಕೂತ್ಕೊಳೋಣ."